ತಂತಿಗೆ ಕಟ್ಟಿದ ವಿಮಾನ ಮತ್ತು ನಮ್ಮವರ ಟೈಮರ್

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಕೊಚ್ಚಿಯ ಈ ಸೆಕೆಯಲ್ಲೂ ರೇಷ್ಮೆ ಸೀರೆ ಉಟ್ಟು ಬಂದಿರುವ ಅಕ್ಕತಂಗಿಯರೇ, ಸಭಿಕರೇ,

ನಮ್ಮ ಕನ್ನಡ ಸಂಘ ಇಂದು ಸನ್ಮಾನಿಸುತ್ತಿರುವುದು ನನ್ನ ಯಜಮಾನರಾದ ಅನಂತ ಅವರನ್ನು. ಅವರ ಬಗ್ಗೆ ಎರಡು ಮಾತು ನೀವೇ ಆಡಿ ಎಂದರು ಕಾರ್ಯದರ್ಶಿಗಳು. ಗಂಡನ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಿದ ಹೆಂಗಸನ್ನು ಯಾರಾದರೂ ಕಂಡಿದ್ದೀರಾ?

ಇವರ ಕೆಲಸ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ. ನನ್ನದು ಎಡಪ್ಪಳ್ಳಿಯ ಬ್ಯಾಂಕಿನಲ್ಲಿ. ಶನಿವಾರ ರೈಲಿನಲ್ಲಿ ಬರುವರು, ಭಾನುವಾರ ಅಂಬಲಮುಗಳ್ ಹತ್ತಿರದ ಮೈದಾನದಲ್ಲಿ ಮಾಡೆಲ್ ವಿಮಾನ ಹಾರಿಸುವರು, ಸಂಜೆ ಮತ್ತೆ ರೈಲು. ಸಂಸಾರ ಎಂದರೆ ಹೀಗೇ ಎಂದು ನಾನೂ ಒಪ್ಪಿಕೊಂಡಿದ್ದೆ. ಒಪ್ಪಿಕೊಂಡಿದ್ದೆನೇ? ಇರಲಿ.

ಈ ವಿಮಾನಕ್ಕೆ ರಿಮೋಟ್ ಇಲ್ಲ. ಎರಡು ತೆಳು ಉಕ್ಕಿನ ತಂತಿಗಳ ತುದಿಯಲ್ಲಿ ಅದು, ಈ ತುದಿಯ ಹಿಡಿ ಹಾರಿಸುವವರ ಕೈಯಲ್ಲಿ. ಅದು ಸುತ್ತ ಹಾರಿದಂತೆ ನಡುವೆ ನಿಂತವರೂ ತಿರುಗುತ್ತಲೇ ಇರಬೇಕು. ಬ್ಯಾಟರಿಯ ಮೋಟರನ್ನು ನಿಲ್ಲಿಸುವುದು ವಿಮಾನದೊಳಗಿನ ಟೈಮರ್. ಅದರ ಹೊತ್ತು ಮುಗಿಯುವ ತನಕ ನಡುವೆ ನಿಂತವರಿಗೆ ಬಿಡುಗಡೆಯಿಲ್ಲ.

ಒಂದು ಭಾನುವಾರ ಇವರು ತಿರುಗುತ್ತಿದ್ದಂತೆಯೇ ಕುಸಿದುಬಿದ್ದರು. ತಂತಿ ಸಡಿಲಾಗಿ ವಿಮಾನ ಒಳಕ್ಕೆ ನುಗ್ಗಿ ಪಕ್ಕದಲ್ಲೇ ಬಿತ್ತು. ಬಿದ್ದದ್ದು ಟೈಮರಿಗೆ ಹೇಗೆ ಗೊತ್ತಾಗಬೇಕು? ಮೋಟರ್ ನಿಲ್ಲಲಿಲ್ಲ. ಅದರ ಫ್ಯಾನು ಹುಲ್ಲು, ಮಣ್ಣು ಎರಚುತ್ತಾ ಇವರ ಕೈಯತ್ತ ಸರಿಯುತ್ತಿತ್ತು. ಊಟದ ಡಬ್ಬಿ ತಂದಿದ್ದ ನಾನು ಓಡಿಹೋಗಿ ಇವರ ಎರಡೂ ಕಾಲು ಹಿಡಿದು ಎಳೆದೆ. ಆದರೂ ಬೆರಳುಗಳಿಗೆ ಹೊಲಿಗೆ ಬಿತ್ತು.

ಕಿವಿಯೊಳಗಿನ ತೊಂದರೆ, ಇನ್ನು ಹೀಗೆ ತಿರುಗಕೂಡದು ಎಂದರು ಡಾಕ್ಟರು. ಇವರು ರಜೆ ಹಾಕಿ ನನ್ನ ಫ್ಲ್ಯಾಟಿನಲ್ಲೇ ಉಳಿದರು. ನೋಡಿ, 'ನನ್ನ ಫ್ಲ್ಯಾಟು' ಎಂದೇ ಬಾಯಿಗೆ ಬರುತ್ತದೆ. ಮಾತಿಲ್ಲ, ಕತೆಯಿಲ್ಲ, ಗೋಡೆ ನೋಡುತ್ತಾ ಮಲಗುವರು. ಅಪ್ಪ ಯಾವಾಗ ವಾಪಸು ಹೋಗುತ್ತಾರೆ ಎಂದು ಮಗಳು ಗ್ರೀಷ್ಮಾ ನನ್ನನ್ನು ಮಲಯಾಳಂನಲ್ಲಿ ಕೇಳಿದಳು. ಅಷ್ಟು ಮಲಯಾಳಂ ಇವರಿಗೂ ಬರುತ್ತಿತ್ತು.

ಮಾರನೆಯ ದಿನ ಎದ್ದು ಊಟದ ಮೇಜಿನ ಮುಂದೆ ಕೂತರು. ತಾನು ಹಾರಿಸಲಾಗದಿದ್ದರೆ ಹೋಗಲಿ, ಹಾರಿಸುವ ಇನ್ನೊಬ್ಬರಿಗೆ ಹೀಗಾಗಬಾರದು ಎಂದು, ನೆಲಕ್ಕೆ ಬಡಿದ ಕೂಡಲೇ ಮೋಟರ್ ನಿಲ್ಲಿಸಿಬಿಡುವ ಟೈಮರ್ ಮಾಡತೊಡಗಿದರು. ಮೇಜು ಅವರದಾಯಿತು, ನಾವು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡೆವು. ಗ್ರೀಷ್ಮಾ ಅದೇನು, ಇದೇನು ಎಂದು ಮಲಯಾಳಂನಲ್ಲಿ ಕೇಳುವಳು, ಇವರು ಕನ್ನಡದಲ್ಲಿ ಹೇಳುವರು. ಜಗಳಕ್ಕೆ ಮಾತ್ರ ಇಬ್ಬರದೂ ಇಂಗ್ಲಿಷ್.

ಮಾಡಿದ್ದಾಯಿತು. ಪರೀಕ್ಷಿಸಲು ಯಾರಾದರೂ ಹಾರಿಸಿ ಬೀಳಿಸಬೇಕಲ್ಲ? ಇನ್ನೊಬ್ಬರನ್ನು ಕೇಳುವ ಜಾಯಮಾನ ಇವರದಲ್ಲ.

"ನಾನು ಹಾರಿಸ್ತೀನಿ ರೀ" ಅಂದೆ.

"ಬೇಡ ನಿರ್ಮಲ, ತಲೆ ಸುತ್ತತ್ತೆ."

"ಸುತ್ತಲಿ ಬಿಡಿ. ಇಷ್ಟು ವರ್ಷ ಒಬ್ಬಳೇ ಸುತ್ತಿಲ್ವಾ?"

ಇವರು ತಂತಿಯ ಹಿಡಿ ತಂದು ನನ್ನ ಕೈಗಿಟ್ಟರು.

ನೆಲ ನೋಡಬೇಡ, ವಿಮಾನವನ್ನಷ್ಟೇ ನೋಡು ಎಂದು ಮೈದಾನದಲ್ಲಿ ಸುತ್ತಿನ ಹೊರಗೆ ನಿಂತು ಕಲಿಸಿದರು. ಪರೀಕ್ಷೆಗೆಂದು ತಂದದ್ದು ಅವರ ಕೈಯಾರೆ ಮಾಡಿದ ಕೆಂಪು ವಿಮಾನವನ್ನೇ. ಬೇರೆಯದು ತರಬಾರದಿತ್ತೇ ಎಂದರೂ ಕೇಳಲಿಲ್ಲ. ಕೆಲವು ಸುತ್ತು ಹಾರಿಸಿ, ಬೇಕೆಂದೇ ಹಿಡಿಯನ್ನು ಕೆಳಕ್ಕೆ ಬಗ್ಗಿಸಿದೆ. ವಿಮಾನ ಮೂತಿಯೂರಿ ಬಿತ್ತು, ರೆಕ್ಕೆ ಮುರಿಯಿತು. ಆ ಕ್ಷಣವೇ ಮೋಟರಿನ ಸದ್ದಡಗಿತು. ನನಗೋ ಭೂಮಿಯೇ ತಿರುಗುತ್ತಿತ್ತು, ಅಲ್ಲೇ ಕುಳಿತುಬಿಟ್ಟೆ.

ಇವರು ಓಡಿಬಂದರು. ಟೈಮರ್ ನೋಡಲು ಎಂದುಕೊಂಡೆ. ವಿಮಾನವನ್ನು ದಾಟಿಬಂದು ನನ್ನ ಪಕ್ಕ ಮಣ್ಣಿನಲ್ಲಿ ಕೂತರು. ನನ್ನ ಕೈ ಹಿಡಿದುಕೊಂಡು, "ಕೆಲಸ ಬಿಟ್ಟು ಬರ್ತೀನಿ. ನಿಮ್ಮಿಬ್ಬರ ಜೊತೆ ಇಲ್ಲೇ ಇರಲಾ?" ಎಂದರು.

ತನ್ನ ಮನೆಗೆ ಬರಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ? ಕೇಳುವಂತಾಗಿತ್ತು, ಸ್ವಾಮಿ. ನಾನು ತಲೆಯಾಡಿಸಿದೆ. ತಲೆ ಸುತ್ತಿ ಆಡಿಸಿದಳೋ ಒಪ್ಪಿ ಆಡಿಸಿದಳೋ ಇವರಿಗೆ ತಿಳಿಯಲಿಲ್ಲವಂತೆ. ಬಾಯಿಬಿಟ್ಟೇ ಹೇಳಬೇಕಾಯಿತು, ಇರಿ ಎಂದು.

ಇಂದು ಈ ಹವ್ಯಾಸದ ಹಲವು ಗೆಳೆಯರ ವಿಮಾನಗಳಲ್ಲಿ ಇವರ ಟೈಮರ್ ಇದೆ. ಸಂಘ ಶಾಲು ಹೊದಿಸುವುದು ಅದಕ್ಕಾಗಿ. ನನ್ನ ಕಾರಣ ಬೇರೆ. ಅದನ್ನು ಸಭೆಯಲ್ಲಿ ಹೇಳಬಾರದು ಎಂದುಕೊಂಡೇ ಬಂದಿದ್ದೆ, ಹೇಳಿಬಿಟ್ಟೆ. ಇವರು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ, ಮನೆಗೆ ಹೋದ ಮೇಲೆ ನನಗಿದೆ. ಒಂದೇ ಮನೆಗೆ ತಾನೇ ಹೋಗುವುದು, ನಡೆಯಲಿ.

ಮನೆಮಾತನ್ನು ಮನೆಯವರಂತೆ ಕೇಳಿಸಿಕೊಂಡ ನಿಮ್ಮೆಲ್ಲರಿಗೂ ನಮ್ಮ ಮೂವರ ಕೃತಜ್ಞತೆಗಳು. ನಮಸ್ಕಾರ.