ಉಸಿರಿಗೆ ಜಾಗ ಬಿಡದೆ ಬರೆದದ್ದು

ಏ ಅಲ್ಲ ಕಣ್ಲಾ ಮಂಜ, ಗಣಿಯಾಗೆ ಬಂಡೆ ಬಿದ್ದು ಸತ್ತಿಲ್ಲ ನಿಮ್ ತಾತ. ಅದು ನಿಮ್ಮಪ್ಪ ಯೋಳೋ ಕತೆ. ಕೇಳೋರ ಮುಂದೆ ಮರ್ವಾದೆಯಾಗಿರ್ತದೆ ಅಂತ ಅಂಗೆ ಯೋಳ್ತಾನೆ, ಯೋಳ್ಕಳ್ಳಿ. ಎದೆಗೆ ದೂಳು ಸೇರಿತ್ತು, ಅದು ನಿಜ, ಡಾಕ್ಟ್ರು ಕಾಗ್ದದಾಗೆ ಬರ್ಕೊಟ್ಟಿದ್ದೂ ಅದ್ನೇ. ಆದ್ರೆ ದೂಳು ನಿಧಾನಕ್ಕೆ ತಿನ್ನೋದು, ಇನ್ನೂ ಏಳೆಂಟು ವರ್ಷ ಇರ್ತಿದ್ದ. ಬೇಗ ಕಳಿಸ್ದೋಳು ನಾನು. ಯಾಕಂಗೆ ನೋಡ್ತೀಯ ಅಮ್ಮಣ್ಣಿ? ನಾನೇ, ನಿಮ್ಮಜ್ಜಿ ಚೌಡಮ್ಮನೇ, ಈ ಕೈಯಾಗೇ. ವಿಷ ಇಕ್ಕಿಲ್ಲ, ಒಡ್ದಿಲ್ಲ. ಪೆನ್ಸಿಲ್ನಾಗೆ ಬರ್ದೆ, ಅಷ್ಟೇ. ಕೂತ್ಕಳಿ ಇಬ್ರೂ, ಅವರೆಕಾಯಿ ಬಿಡಿಸ್ತಾ ಕೇಳಿ, ಎದ್ದೋಗಂಗಿಲ್ಲ.

ನಮ್ಮೂರು ಕ್ಯಾಸಂಬಳ್ಳಿ ಪಕ್ಕ, ಗೊತ್ತಲ್ಲ. ನಮ್ಮಮ್ಮ ದಿನಾ ಚಿನ್ನದ ಗಣಿ ಕಡೆ ಬಂಗ್ಲೆಗೆ ಮುಸುರೆ ತಿಕ್ಕಕ್ಕೆ ಓಗೋಳು, ನನ್ನೂ ಎಳ್ಕೊಂಡೋಗೋಳು. ಆ ಬಂಗ್ಲೆಯಾಗೆ ಡೋರಾ ಟೀಚರ್ ಅಂತ ಆಂಗ್ಲೋ ಇಂಡಿಯನ್ ಹೆಂಗ್ಸು, ಮದ್ವೆ ಇಲ್ಲ, ಮಕ್ಳಿಲ್ಲ, ಒಂದು ಪಿಯಾನೋ, ಒಂದು ರಾಶಿ ರೆಕಾರ್ಡು. ಕಣ್ಣು ಮಂಜಾಗಿತ್ತು ಅವ್ಳಿಗೆ. ಅವ್ಳು ಬಾಯಾಗೆ ಯೋಳೋದು, ನಾನು ಐದು ಗೆರೆ ಎಳ್ದು ಅದ್ರ ಮೇಲೆ ಸ್ವರದ ಕಾಳು ಬರೆಯೋದು. ತಪ್ಪಾದ್ರೆ ಬೆಟ್ಟಿನ ಗೆಣ್ಣಿಗೆ ಬಾಚಣಿಗೆಯಾಗೆ ಒಡೆಯೋಳು, ಇಲ್ನೋಡು, ಈ ಬೆಟ್ಟು ಈಗ್ಲೂ ವಾರೆ. ಒಂದಿನ ಅಮೆರಿಕದ ಕಪ್ಪು ಜನದ ರೆಕಾರ್ಡ್ ಆಕಿದ್ಲು. 'ಇದು ಸೋಲ್ ಮ್ಯೂಸಿಕ್ ಚೌಡಿ' ಅಂದ್ಲು. ಇಂಗ್ಲಿಷ್ನಾಗೆ ಸೋಲ್ ಅಂದ್ರೆ ಆತ್ಮ ಅಂತೆ, ನಾನು ಸೋಲು ಅಂದ್ಕೊಂಡೆ! ಸೋತೋರು ಆಡೋ ಹಾಡು ಅಂದ್ಕೊಂಡೆ. ಎಷ್ಟೋ ವರ್ಷ ಅಂಗೇ ಅಂದ್ಕೊಂಡಿದ್ದೆ, ಅಂತ ತಪ್ಪೇನೂ ಅಲ್ಲ ಬಿಡು. ಅದ್ರಾಗೆ ಆಡೋನು ಒಂದು ಸಾಲು ಅಳ್ತಾನೆ, ಇಂದೆಯಿಂದ ಟ್ರಂಪೆಟ್ಟು, ಇನ್ನೂ ದೊಡ್ಡ ಪೀಪಿಗಳು ಎಲ್ಲಾ ಸೇರ್ಕೊಂಡು 'ಊಂ, ಆಮೇಲೆ? ಊಂ, ಯೋಳು' ಅಂತಾವೆ. ಸಾವಿನ ಮನೇಲಿ ಒಬ್ಳು ಆಡ್ಕೊಂಡ್ ಅತ್ರೆ ಮಿಕ್ಕೋರು ಎದೆ ಬಡ್ಕೊಂಡು ಸೇರ್ಕೊಳಲ್ವಾ, ಅಂಗೆ. ಅದು ನನ್ ತಲೆಗೆ ಓಗಿ ಕೂತ್ಬಿಡ್ತು. ಆಮೇಲೆ ಟೀಚರ್ ಆಸ್ಟ್ರೇಲಿಯಾಕ್ಕೆ ಓದ್ಲು. ಪಿಯಾನೋ ಯಾರೋ ಲಾರಿಗಾಕ್ಕೊಂಡು ಓದ್ರು. ನಂಗೆ ಗೆರೆ ಎಳೆದಿದ್ದ ಖಾಲಿ ಕಾಗ್ದದ ಕಟ್ಟು ಒಂದು ಕೊಟ್ಲು, 'ಗುಡ್ ಗರ್ಲ್' ಅಂದ್ಲು, ಕಾರು ಅತ್ತಿದ್ಲು. ತಿರುಗಿ ನೋಡ್ಲಿಲ್ಲ.

ಎಮರ್ಜೆನ್ಸಿ ಇಂದೆ ಮುಂದೆ ನಂಗೆ ಮದ್ವೆ ಆಯ್ತು. ನಿಮ್ ತಾತ ಕದಿರಪ್ಪ ಗಣಿಯಾಗೆ ಕೆಳಗಿಳಿಯೋ ಕೆಲ್ಸ, ಮೇಲೆ ಬಂದ್ರೆ ಟ್ರಂಪೆಟ್ಟು. ಜ್ಞಾನಪ್ರಕಾಶಂ ಮಾಸ್ಟ್ರು ಅಂತ ಒಬ್ರಿದ್ರು, ತಮಿಳೋರು, ಅವ್ರ ಆರ್ಕೆಸ್ಟ್ರಾದಾಗೆ ಊದೋನು. ಏನ್ ಊದ್ತಿದ್ದ ಅಂತೀಯ, ಅವ್ನು ಒಂದ್ಸಲ ಎತ್ತಿದ್ರೆ ಗಣಿ ಮಣ್ಣು ಸುರ್ದಿದ್ದ ಸೈನೇಡ್ ದಿಬ್ಬದ ಆ ಕಡೆಯೋರು ಈಚೆ ಬಂದು ನಿಲ್ಲೋರು. ಮದ್ವೆ ಆಗಿ ಒಂದು ತಿಂಗ್ಳಿರಬೇಕು, ಇಲ್ಲ, ಎರಡು ತಿಂಗ್ಳು, ಗಣಿ ಕೂಲಿಯೋರ್ಗೆ ಕೊಟ್ಟಿದ್ದ ನಮ್ಮ ಲೈನ್ ಮನೆ ಮುಂದೆನೇ ಪ್ರಾಕ್ಟೀಸು. ನಾನು ಕಾಫಿ ತಂದಿಟ್ಟು ತಡೀಲಾರ್ದೆ ಅಂದ್ಬಿಟ್ಟೆ, 'ಆಡೋನು ಉಸಿರು ತಕ್ಕೊಳೋ ಜಾಗದಾಗೆ ಟ್ರಂಪೆಟ್ಟು ಬರ್ಬೇಕು, ಅವ್ನು ಆಡೋವಾಗ ಬಂದು ತುಳೀಬಾರ್ದು' ಅಂತ. ಎಲ್ರೂ ನಕ್ರು. ಮಾಸ್ಟ್ರು ನಗ್ಲಿಲ್ಲ. 'ಎಳುದ ತೆರಿಯುಮಾ? ಬರೆಯಕ್ಕೆ ಬತ್ತದಾ?' ಅಂದ್ರು. ಬರ್ದು ತೋರಿಸ್ದೆ. ಊದಿಸಿ ನೋಡಿದ್ರು. ನಕ್ಕಿದ್ದೋರೇ ಇನ್ನೊಂದ್ಸಲ ಊದು ಅಂದ್ರು. ಆಮೇಲೆ ಮಾಸ್ಟ್ರು ನನ್ನ ಅಡ್ಗೆ ಮನೆ ಬಾಗ್ಲಿಗೆ ಕರ್ದು, ಮೆಲ್ಲಗೆ ಯೋಳಿದ್ರು: 'ನೋಡಮ್ಮ, ನೀನು ಬರೀ. ಆದ್ರೆ ನಾನು ಬರ್ದಿದ್ದು ಅಂತ ಯೋಳ್ತೀನಿ. ಹೆಂಗ್ಸು ಬರ್ದಿದ್ದು ಅಂದ್ರೆ ನಮ್ಮ ಡ್ರಮ್ಮಿನೋನೂ ಮುಟ್ಟಲ್ಲ.' ನಾನು ಊಂ ಅಂದೆ. ಇಪ್ಪತ್ತು ವರ್ಷ ಊಂ ಅಂದೆ.

ಅಲ್ಲಿಂದ ಶುರು. ಕ್ಯಾಸೆಟ್ ಕಾಲ ಬಂತು ನೋಡು, ಅಬ್ಬಬ್ಬಾ, ಯಾರ್ ನೋಡಿದ್ರೂ ಕ್ಯಾಸೆಟ್ಟೇ. ಮಾರಮ್ಮನ ಮೇಲೆ, ಏಸು ಮೇಲೆ, ಎಲೆಕ್ಷನ್ಗೆ, ಸೋಪಿನ ಪುಡಿಗೆ, ತಮಿಳ್ನಾಗೆ, ತೆಲುಗ್ನಾಗೆ, ಕನ್ನಡದಾಗೆ. ಎಲ್ಲಾದಕ್ಕೂ ನಾನೇ. ಯಾವ ವಾದ್ಯ ಎಲ್ಲಿ ಬರ್ಬೇಕು, ಎಲ್ಲಿ ಸುಮ್ನಿರ್ಬೇಕು, ಯಾವ್ನು ಕೆಮ್ಮಬೇಕು ಅನ್ನೋದೂ ನಾನೇ! ರಾಗಿ ಬೀಸ್ತಾ ತಲೆಯಾಗೆ ಕೂಡಿಸ್ಕೊಳೋದು, ಎದ್ದು ಬರೆಯೋದು. ಎಷ್ಟು ಬರ್ದೆ ಅಂತ ಎಣಿಸಿಲ್ಲ. ಬೆಳಿಗ್ಗೆ ಮಾರಿಕುಪ್ಪಂನಾಗೆ ರೈಲು ಅತ್ತಿ ಬಂಗಾರಪೇಟೆ ದಾಟಿ ಬೆಂಗ್ಳೂರ್ಗೆ ಓಗೋರು ಎಲ್ರೂ, ನಾನೂ ಬುತ್ತಿ ಬುಟ್ಟಿ ಇಟ್ಕೊಂಡು ಜತೆಗೆ. ಸ್ಟುಡಿಯೋ ಒಳಗೆ ಅವ್ರು, ಹೊರಗೆ ಬೆಂಚಿನ ಮೇಲೆ ನಾನು. ಏನಾದ್ರೂ ತೊಡಕಾದ್ರೆ ಮಾಸ್ಟ್ರು ನೀರು ಕುಡಿಯೋ ನೆಪದಾಗೆ ಈಚೆ ಬಂದು ಕೇಳೋರು, ನಾನು ಯೋಳೋದು, ಒಳಗೋಗಿ ತಮ್ಗೇ ಒಳೆದಂಗೆ ಯೋಳೋರು. ಕ್ಯಾಸೆಟ್ ಮೇಲೆ ಅವ್ರ ಫೋಟೋ, ಕೂಲಿಂಗ್ ಗ್ಲಾಸ್ ಆಕ್ಕೊಂಡು.

ಆದ್ರೆ ಆರ್ಕೆಸ್ಟ್ರಾದೋರಿಗೆ ಗೊತ್ತಿತ್ತಲ್ಲ. ನಿಮ್ ತಾತನ್ನ ರೇಗಿಸೋರು, 'ಏನ್ ಕದಿರಪ್ಪ, ಮನೇಲೂ ಹೆಂಡ್ತಿ ಯೋಳ್ದಂಗೇ ಊದ್ತೀಯಾ?' ಅಂತ. ಮೊದ್ಲು ನಗೋನು. ಆಮೇಲಾಮೇಲೆ ನನ್ ಜತೆ ಮಾತು ನಿಲ್ಲಿಸ್ದ. ಅಷ್ಟೊತ್ಗೆ ಕೆಮ್ಮು ಶುರುವಾಗಿತ್ತು. ಡಾಕ್ಟ್ರು ಎದೆ ಫೋಟೋ ತೆಗ್ಸಿ ಯೋಳಿದ್ರು, ಶ್ವಾಸಕೋಶ ಕಲ್ಲಾಗ್ತಾ ಐತೆ, ಊದೋದು ಕಮ್ಮಿ ಮಾಡು ಅಂತ. ನಾನೂ ಜತೆಗಿದ್ದೆ. ಕೇಳಿಸ್ಕೊಂಡೆ. ಇದ್ನ ಮರೀಬೇಡಿ, ನಾನು ಕೇಳಿಸ್ಕೊಂಡೆ.

ಒಂದು ಭಾನ್ವಾರ ಚರ್ಚ್ ಇಂದೆ ಇರೋ ಆಲ್ನಾಗೆ ಪ್ರಾಕ್ಟೀಸು. ಇಪ್ಪತ್ತು ಜನ ಇದ್ರು. ಅವ್ನು ಒಂದು ಕಡೆ ತಡವಾಗಿ ಬಂದ. ನಾನು ಬಾಗ್ಲಿಂದ ಅಂದೆ, 'ಅರ್ಧ ತಾಳ ತಡ ಆಯ್ತು.' ಅವ್ನು ಎದ್ದ. ಮೆಲ್ಲಗೆ ನಡ್ಕೊಂಡು ಬಂದ. ಟ್ರಂಪೆಟ್ಟಿನಾಗೆ ಊದಿ ಊದಿ ಉಗುಳು ನಿಲ್ತದೆ, ಕೆಳಗೆ ಒಂದು ಕೀಲಿ ಒತ್ತಿ ಸುರೀತಾರೆ. ನಾನು ಬರ್ದು ಇಟ್ಟಿದ್ದ ಕಾಗ್ದ ಮೇಜಿನ ಮೇಲಿತ್ತು. ಅದ್ರ ಮೇಲೆ ಸುರ್ದ. ಎಲ್ಲಾ ಖಾಲಿ ಆಗೋ ತನಕ ಅಲ್ಲಾಡಿಸಿ ಸುರ್ದ. 'ಊದೋನು ನಾನು. ನಾನು ಊದ್ದೇ ಇದ್ರೆ ಇದು ಬೋಂಡಾ ಕಟ್ಟೋ ಕಾಗ್ದ' ಅಂದ. ಏನ್ ನಗು ಅಂತೀಯ. ಮಾಸ್ಟ್ರೂ ನಕ್ರು ಅವತ್ತು. ನಾನು ಸೆರಗಿನಾಗೆ ಒರೆಸ್ಕೊಂಡೆ ಕಾಗ್ದಾನ, ಮುಖಾನ ಅಲ್ಲ.

ಮಾರನೆ ದಿನ ಕೂತು ಬರ್ದೆ. ಅಮ್ಮನೋರ ಹಾಡು, ಮಧ್ಯ ಆಡೋನು ನಿಲ್ಲಿಸ್ದಾಗ ಟ್ರಂಪೆಟ್ಟು ಒಂದೇ ಕೂಗೋದು. ಮಾಮೂಲಿಯಾಗಿ ನಾಕು ತಾಳಕ್ಕೊಂದ್ಸಲ ಉಸಿರಿಗೆ ಜಾಗ ಬಿಡ್ತೀವಿ, ಅಲ್ಲೊಂದು ಸಣ್ಣ ಗುರುತು ಆಕ್ತೀವಿ. ನಾನು ಒಂದೂ ಬಿಡ್ಲಿಲ್ಲ. ಏಣಿ ಅತ್ತಂಗೆ ಮೇಲೆ ಮೇಲೆ ಅತ್ತಿಸ್ದೆ, ತುದಿಯಾಗೆ ತಂದು ನಿಲ್ಲಿಸ್ದೆ, ಅಲ್ಲೇ ಉದ್ದಕ್ಕೆ ಎಳ್ದೆ. ಒಳ್ಳೆ ಎದೆ ಇರೋನ್ಗೂ ಕಷ್ಟ. ಎಲ್ರ ಮುಂದೆ ಅವ್ನ ಸ್ವರ ಒಡೀಬೇಕು, ಕೆಮ್ಮಿ ಕೂತ್ಕೋಬೇಕು, ಅದ್ನ ನಾನು ನೋಡ್ಬೇಕು. ಸಾಯ್ಲಿ ಅಂತಲ್ಲ ಕಣ್ರೋ. ಸೋಲ್ಲಿ ಅಂತ. ಆದ್ರೆ ಬರೆಯೋವಾಗ ಇನ್ನೊಂದಾಯ್ತು. ಅದು ಚೆನ್ನಾಗಿ ಬತ್ತಾ ಇತ್ತು. ನಾನು ಅದುವರ್ಗೂ ಅಷ್ಟು ಚೆನ್ನಾಗಿ ಬರ್ದಿರ್ಲಿಲ್ಲ. ಮೈ ಜುಮ್ ಅಂತಿತ್ತು.

ಸ್ಟುಡಿಯೋದಾಗೆ ಅವತ್ತು ನಾನು ಬೆಂಚಿನ ಮೇಲೆ ಕೂರ್ಲಿಲ್ಲ. ಗಾಜಿನ ಇಂದೆ ಓಗಿ ನಿಂತೆ, ಬುತ್ತಿ ಕೊಡೋ ನೆಪದಾಗೆ. ಅವ್ನು ಕಾಗ್ದ ತಕ್ಕೊಂಡು ಓದ್ದ. ತಲೆ ಎತ್ತಿ ಗಾಜಿನಾಗಿಂದ ನನ್ನೇ ನೋಡ್ದ. ಅರ್ಥ ಆಗೋಯ್ತು ಅವ್ನಿಗೆ. ತುಟಿ ಒದ್ದೆ ಮಾಡ್ಕೊಂಡು ಎತ್ತಿದ. ಒಡೀಲಿಲ್ಲ ಕಣ್ಲಾ! ಅತ್ತಿದ, ಅತ್ತಿದ, ತುದೀಲಿ ನಿಂತ, ಕುತ್ತಿಗೆ ನರ ಬೆಟ್ಟಿನಷ್ಟು ದಪ್ಪ, ಕಣ್ಣು ನನ್ ಮೇಲೆ, ಕೊನೇ ತನಕ ಎಳ್ದ. ಪಿಟೀಲಿನೋರು ಭೇಷ್ ಅಂತ ಬಿಲ್ಲಲ್ಲಿ ಸ್ಟ್ಯಾಂಡ್ ಬಡಿದ್ರು. ಮಾಸ್ಟ್ರು, 'ಇನ್ನೊರು ತಡವೆ! ಇನ್ನೊಂದ್ಸಲ! ಆಡೋನು ತಪ್ಪಿದ್ದಾನೆ' ಅಂದ್ರು. ಇನ್ನೊಂದ್ಸಲ ಊದ್ದ. ಆಡೋನು ಮತ್ತೆ ತಪ್ದ. ಮೂರ್ನೇ ಸಲ. ನಾನು ಬಾಯಿ ಬಿಟ್ಟು ಸಾಕು ಅನ್ಬೋದಿತ್ತು. ಅನ್ನಲಿಲ್ಲ. ಮೂರ್ನೇ ಸಲ ಮುಗ್ದಾಗ ಬಾಯಿಂದ ತೆಗ್ದ, ಊದೋ ತುದೀಲಿ ರಕ್ತ. ಕರ್ಚೀಫ್ನಾಗೆ ಒರೆಸಿ ಜೇಬಿಗಿಟ್ಕೊಂಡ. ನಾನು ವಾಪಸ್ ಬಂದು ಬೆಂಚಿನ ಮೇಲೆ ಕೂತೆ. ಅವ್ನೂ ಈಚೆ ಬಂದು ನನ್ ಪಕ್ಕ ಕೂತ, ಬುತ್ತಿ ಬಿಚ್ಚಿದ, ಏದುಸಿರಿನಾಗೇ ಅಂದ, 'ಇನ್ನೂ ಎತ್ರ ಬರೀಬೋದಾಗಿತ್ತು ನೀನು.'

ಆ ಕ್ಯಾಸೆಟ್ಟು ಎಂಗೆ ಓಡ್ತು ಗೊತ್ತಾ, ಬಂಗಾರಪೇಟೆ ಮಾರ್ಕೆಟ್ನಾಗೆ ಮೂರು ಅಂಗ್ಡಿ ಒಟ್ಟಿಗೆ ಅದ್ನೇ ಆಕೋವು, ಒಂದರಾಗೆ ಮುಂದೆ, ಒಂದರಾಗೆ ಇಂದೆ. ಜನ ಹಾಡು ಆಡ್ತಿರ್ಲಿಲ್ಲ, ಆ ಟ್ರಂಪೆಟ್ಟು ಬಾಯಾಗೆ ಕೂಗೋರು, ಟೊಮೇಟೊ ಮಾರೋಳೂ ಕೂಗೋಳು. ನನ್ ಗೆರೆ, ನಾನು ಬರ್ದಿದ್ದು! ಯಾರಿಗೂ ಗೊತ್ತಿಲ್ಲ. ಮಾಸ್ಟ್ರು ಪ್ರತಿ ಹಾಡ್ಗೂ ಅಂತಾದ್ದೇ ಬೇಕು ಅಂದ್ರು. ನಾನು ಬರ್ದೆ. ಒಂದ್ಸಲ, ಒಂದೇ ಸಲ, ಮನ್ಸು ತಡೀದೆ ಕೆಳಗಿನ ಸ್ವರದಾಗೆ ಬರ್ದೆ, ಉಸಿರಿಗೆ ಜಾಗ ಬಿಟ್ಟು. ಅವ್ನು ಓದಿ ಹರ್ದ. 'ಏನೇ, ಸಾಯೋನು ಅಂತ ಕನಿಕರನಾ? ಎತ್ರ ಬರೀ' ಅಂದ. ಅಂಗಂದಿದ್ದೇ ನೆಪ ಮಾಡ್ಕೊಂಡೆ ನಾನು. ಬರೀ ಅಂದ್ನಲ್ಲ, ಬರೀತೀನಿ ಅಂತ. ಒಂದೂವರೆ ವರ್ಷ ಇಂಗೇ. ಅವ್ನು ಗೆಲ್ಲೋದು, ನಾನು ಗೆಲ್ಲೋದು, ಕರ್ಚೀಫ್ ಒಗೆಯೋಳೂ ನಾನೇ.

ಆಮೇಲೆ ನಲ್ಲಿ ತನಕ ನಡೆಯಕ್ಕಾಗ್ತಿರ್ಲಿಲ್ಲ. ಮಲಗಕ್ಕಾಗ್ದು, ಕೂತೇ ಇರೋದು, ದಿಂಬು ತಬ್ಕೊಂಡು. ಒಂದಿನ ಮಧ್ಯಾಹ್ನ ಗಂಜಿ ಕುಡಿಸ್ತಾ ಅಂದ್ಬಿಟ್ಟೆ, 'ಮೊದಲ್ನೇದು ಇತ್ತಲ್ಲ, ಅದು ನಾನು ಬೇಕು ಅಂತ್ಲೇ ಬರ್ದೆ.' ಅವ್ನು ಎಷ್ಟೋ ಒತ್ತು ಉಸಿರು ಕೂಡಿಸ್ಕೊಂಡ. ಒಂದು ಮಾತಿಗೆ ಮೂರು ಉಸಿರು ಬೇಕಿತ್ತು ಅವ್ನಿಗೆ. 'ಗೊತ್ತು. ನಾನೂ ಬೇಕು ಅಂತ್ಲೇ ಊದ್ದೆ' ಅಂದ. ಮತ್ತೆ ಕೂಡಿಸ್ಕೊಂಡ. 'ಚೆನ್ನಾಗಿತ್ತು' ಅಂದ. ಕ್ಷಮಿಸ್ದೆ ಅನ್ನಲಿಲ್ಲ, ನಾನೂ ಕೇಳ್ಲಿಲ್ಲ. ನಾಕು ದಿನಕ್ಕೆ ಓದ.

ಮಣ್ಣಿಗೆ ಮಾಸ್ಟ್ರು ಆರ್ಕೆಸ್ಟ್ರಾ ಪೂರಾ ಕರ್ಕೊಂಡ್ಬಂದ್ರು. ಇನ್ನೊಬ್ಬ ಟ್ರಂಪೆಟ್ಟಿನೋನು, ಅಲ್ಲೇ ಗಣಿ ಪಕ್ಕದ ಕೋರಮಂಡಲ್ ಕಡೆಯೋನು, ಮೂವತ್ತು ವರ್ಷದ ಗಟ್ಟಿ ಆಳು, ನಾನು ಬರ್ದಿದ್ದ ಆ ಅಮ್ಮನೋರ ಹಾಡಿಂದ್ನೇ ಊದಕ್ಕೆ ಓದ. ಮಧ್ಯಕ್ಕೇ ಒಡ್ದೋಯ್ತು, ಕುರಿ ಕೂಗ್ದಂಗೆ. ಅಲ್ಲೂ ಯಾರೋ ಕಿಸಕ್ ಅಂದ್ರು. ಗುಂಡಿಗೆ ಇನ್ನೂ ಮಣ್ಣು ಆಕಿರ್ಲಿಲ್ಲ. ಮಾಸ್ಟ್ರು ನನ್ ಕಿವಿ ಹತ್ರ ಬಗ್ಗಿ, ಕಣ್ಣೀರು ಒರೆಸ್ಕೊಂಡು, 'ಚೌಡಮ್ಮ, ಸೋಮ್ವಾರದೊಳ್ಗೆ ಇವ್ನಿಗೆ ಆಗೋ ಅಂಗೆ ಸ್ವಲ್ಪ ಇಳಿಸಿ ಬರ್ದುಕೊಡ್ತೀಯಾ?' ಅಂದ್ರು. ಬಯ್ದು ಕಳಿಸ್ದೆ ಅಂತ ಯೋಳಿದ್ರೆ ನಿಮ್ಗೆ ಸಂತೋಷ ಆಯ್ತದೆ ಅಲ್ವಾ? ಇಲ್ಲ. ಬರ್ದುಕೊಟ್ಟೆ. ಕಾಲು ತೊಳ್ಕೊಂಡು ಮನೆ ಒಳಗೆ ಬಂದು, ಮೂಲೇಲಿ ದೀಪ ಇಟ್ಟಿದ್ರಲ್ಲ, ಅದ್ರ ಬೆಳಕಿನಾಗೇ ಬರ್ದೆ. ನಾಕು ತಾಳಕ್ಕೊಂದ್ಸಲ ಉಸಿರಿಗೆ ಜಾಗ ಬಿಟ್ಟೆ. ಆ ಪುಣ್ಯಾತ್ಮ ಇನ್ನೂ ಬದುಕವ್ನೆ, ಗಟ್ಟಿಯಾಗವ್ನೆ.

ಅಷ್ಟೇ ಕಣ್ರೋ. ಆಮೇಲೂ ಬರ್ದೆ ನಾನು, ಕೀಬೋರ್ಡು ಮಿಷಿನ್ ಬಂದು ಎಲ್ರ ಬಾಯ್ಗೂ ಮಣ್ಣಾಕೋ ತನಕ. ಯಾಕೆ ಯೋಳ್ದೆ ಅಂದ್ರೆ, ಬೈಯಕ್ಕೆ ಬಾರದೋನು ಬೈದು ಎಷ್ಟು ನೋಯಿಸ್ಯಾನು? ಯಾವ ಕೆಲ್ಸ ಚೆನ್ನಾಗಿ ಬತ್ತದೋ ಅದ್ರಾಗೇ ಮನುಷ್ಯ ಚೆನ್ನಾಗಿ ಕೊಲ್ಲೋದು. ನೀನು ಡ್ರೈವರ್ ಆಗ್ತೀಯೋ, ಅವ್ಳು ಡಾಕ್ಟ್ರೇ ಆಗ್ತಾಳೋ, ಕೋಪ ಬಂದ ದಿನ ಆ ಕೆಲ್ಸ ಮುಟ್ಬೇಡಿ, ಕೈ ಕಟ್ಕೊಂಡು ಸುಮ್ನೆ ಕೂತ್ಕಳಿ. ಎದ್ದೇಳಿ ಈಗ, ಆ ಸಿಪ್ಪೆ ಎತ್ಕೊಂಡೋಗಿ ಹಸುವಿನ ಮುಂದೆ ಆಕಿ.