ಮಾವಿನಮರದ ಕೇಬಲ್

ಹಿನಕಲ್‌ನ ಹಾಲಿನ ಬೂತಿನ ಸಾಲಿನಲ್ಲಿ, ನನ್ನ ಮುಂದಿದ್ದ ಅಜ್ಜಿಯನ್ನು ಕೇಬಲ್ ಟಿವಿಯಾತ ಮಾತಾಡಿಸಿದ.

“ಏನ್ ಸೋಮಮ್ಮೋರೆ, ನೀವೂ ಕೇಬಲ್ ಬುಟ್‌ಬುಟ್ರಾ?”

“ಮೊಮ್ಮಗಳು ಫೈಬರ್ ಹಾಕ್ಸವ್ಳೆ ಕಣೋ ಪ್ರಸನ್ನ. ನಾನೇನ್ ಮಾಡ್ಲಿ?”

“ಓಗ್ಲಿ ಬುಡಿ. ಕಂಬದ ಮೇಲಿನ ನನ್ ವೈರೆಲ್ಲ ಕರೆಂಟ್‌ನೋರು ಕತ್ತರಿಸಾಕವ್ರೆ. ನಿಮ್ಮನೆ ಇಂದ್ಗಡೆ ಬೀದಿಗೆ ಓಗೋದು ನಿಮ್ಮ ಮಾವಿನಮರದ ಮೇಲಿರೋ ವೈರೊಂದೇ.”

“ಅದಕ್ಕೇನೀಗ?”

“ಅದನ್ನೂ ತೆಗ್ಸಿಬುಡ್ತೀರೇನೋ ಅಂತ ಭಯ.”

“ಫೈಬರ್‌ನವನು ಕತ್ತರಿ ಇಡ್ಕೊಂಡು ಮರ ಅತ್ತಿದ್ದ. ನಾನೇ ಇಳಿಸ್ದೆ. ಕೊಂಬೆ ನಿನ್ನ ವೈರನ್ನ ನುಂಗ್ಕೊಂಡು ಬೆಳೆದದೆ. ಕಿತ್ರೆ ನೋಯಲ್ವಾ?”

“ಮರಕ್ಕೋ, ನಿಮಗೋ?”

“ಮರಕ್ಕೇ ಕಣೋ. ಆಲು ತಗೊಂಡು ನಡಿ.”

ಅಷ್ಟೆಂದವರು ರಸ್ತೆ ದಾಟುವಾಗ ಅವನ ಕೈ ಹಿಡಿದುಕೊಂಡರು. ಆಚೆ ಬದಿ ಮುಟ್ಟಿದ ಮೇಲೂ ಬಿಡಲಿಲ್ಲ.