ಸಿಗದೇ ಹೋದ ಅರ್ಧ ರೈಬೋಸೋಮ್

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ತಾಯಿ, ಮಗಳು ಕೂತಿದ್ದರು. ತಾಯಿಯ ಕಣ್ಣಿಗೆ ಆಗಷ್ಟೇ ಪಾಪೆ ಅಗಲಿಸುವ ಹನಿ ಹಾಕಿದ್ದರು. ರೆಪ್ಪೆ ಮುಚ್ಚಿಕೊಂಡೇ ಮಾತಾಡುತ್ತಿದ್ದರು.

“ನಿನ್ನ ಸಂಶೋಧನಾ ಪ್ರಬಂಧ ಒಪ್ಪಿದ್ರಾ?”

“ಒಪ್ಪಿದ್ರಮ್ಮ. ನಿನ್ನೆ ಪತ್ರ ಬಂತು.”

“ನನಗೆ ತಿಳಿಯೋ ಹಾಗೆ ಹೇಳು. ನೀನು ಪ್ರಯೋಗ ಮಾಡಿದ್ದು ಬೇಕರಿಯಲ್ಲಿ ನಾನು ಹಿಟ್ಟಿಗೆ ಹಾಕೋ ಯೀಸ್ಟ್ ಮೇಲೇ ತಾನೆ?”

“ಅದೇ. ಅದರ ಜೀವಕೋಶದೊಳಗೆ ಪ್ರೋಟೀನ್ ತಯಾರಿಸೋದು ರೈಬೋಸೋಮ್. ಆ ರೈಬೋಸೋಮನ್ನ ಕಟ್ಟೋಕೂ ಎಪ್ಪತ್ತಕ್ಕಿಂತ ಹೆಚ್ಚು ಬಗೆಯ ಪ್ರೋಟೀನ್ ಹಂತಹಂತವಾಗಿ ಬಂದು ಸೇರ್ಕೋಬೇಕು.”

“ನೀನೇನು ಮಾಡಿದೆ?”

“ಅದರಲ್ಲಿ ಒಂದನ್ನ ಬರದ ಹಾಗೆ ತಡೆದೆ. ಅರ್ಧಕ್ಕೆ ನಿಂತ ರೈಬೋಸೋಮ್ ಸಿಗುತ್ತೆ ಅಂತ ಎರಡು ವರ್ಷ ಹುಡುಕಿದೆ. ಸಿಗಲೇ ಇಲ್ಲ.”

“ಫೋನಲ್ಲಿ ಅತ್ತಿದ್ದು ಅದಕ್ಕೇನಾ?”

“ಹೂಂ. ನನಗೇ ಕೆಲಸ ಬರಲ್ಲ ಅಂದ್ಕೊಂಡಿದ್ದೆ. ನೋಡಿದ್ರೆ, ಆ ಪ್ರೋಟೀನ್ ಬಂದು ಹಿಡ್ಕೊಳ್ಳದಿದ್ರೆ, ಅರ್ಧ ಕಟ್ಟಿದ್ದನ್ನ ಜೀವಕೋಶವೇ ಒಡೆದು ಹಾಕ್ತಿತ್ತು.”

“ಅಂದ್ರೆ, ಸಿಗದೇ ಇದ್ದದ್ದೇ ಸರಿ.”

“ಅದನ್ನೇ ಬರೆದೆ.”

ತಾಯಿ ಮೆಲ್ಲಗೆ ರೆಪ್ಪೆ ತೆರೆದರು. ನರ್ಸ್ ಬಂದು, “ಈಗ ಮಂಜು ಮಂಜಾಗಿ ಕಾಣ್ತಿದ್ಯಾ ಅಮ್ಮಾ?” ಎಂದು ಕೇಳಿದರು.

“ಕಾಣ್ತಿದೆ, ಸಿಸ್ಟರ್. ಎರಡು ವರ್ಷ ಇವಳದೇನೂ ತಪ್ಪಿರಲಿಲ್ವಂತೆ,” ಎನ್ನುತ್ತ ತಾಯಿ ಮಗಳ ತೋಳು ಹಿಡಿದು ಒಳಗೆ ಹೋದರು.